ಅತ್ತೆಯ ಬದಲಿಗೆ ಮಾವ

ನಮ್ಮ ಪಕ್ಕದ ಮನೆಯ ವಾಚ್ ರಿಪೇರಿ ಮಾವನಿಗೆ ದೇವರೆಂದರೆ ಆಗುವುದಿಲ್ಲ. ಯಾರಾದರೂ ಕೆಟ್ಟ ವಾಚು ತಂದು, "ದೇವರ ದಯೆ, ಬಿದ್ದರೂ ಗಾಜು ಒಡೆದಿಲ್ಲ" ಎಂದರೆ, "ಮುಳ್ಳೂ ಅವನೇ ತಿರುಗಿಸಲಿ, ತಗೊಂಡು ಹೋಗಿ" ಎನ್ನುತ್ತಾರೆ. ಆದರೂ ವಾರ ತಪ್ಪದೆ ಚರ್ಚಿನ ಪ್ರಾರ್ಥನೆಗೆ ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಹಾಸಿಗೆ ಹಿಡಿದ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಇಡೀ ಉಪದೇಶವನ್ನು ಒಪ್ಪಿಸಬೇಕಲ್ಲ. ಭಕ್ತರೆಲ್ಲ ತೂಕಡಿಸುವಾಗಲೂ ಇವರದು ನೆಟ್ಟಗಿನ ಕಿವಿ. ಮನೆಗೆ ಬಂದು ಮಾತಿಗೊಂದು ತಪ್ಪು ಹುಡುಕುತ್ತಾ ಹೇಳುತ್ತಾರೆ. ಅತ್ತೆ ಬೈಯುತ್ತಾ ನಗುತ್ತಾರೆ. ಕಳೆದ ವಾರ ಅತ್ತೆಗೆ ಉಸಿರಾಡುವುದೇ ಕಷ್ಟವಾಗಿತ್ತು. ಅಂದು ಮಾವ ಒಂದು ತಪ್ಪನ್ನೂ ಹುಡುಕಲಿಲ್ಲ. "ಏನ್ರೀ, ಇವತ್ತು ಜಗಳ ಇಲ್ವಾ?" ಎಂದರು ಅತ್ತೆ. "ಎಲ್ಲರೂ ಎದ್ದು ನಿಂತು ನಿನಗೋಸ್ಕರ ಬೇಡ್ಕೊಂಡ್ರು ಕಣೇ." "ನೀವು?" ಸರಿಯಾಗಿಯೇ ಓಡುತ್ತಿದ್ದ ಗೋಡೆ ಗಡಿಯಾರವನ್ನು ಕೆಳಗಿಳಿಸುತ್ತಾ ಮಾವ ಹೇಳಿದರು, "ನಾನೊಬ್ಬನೇ ಹೇಗೆ ಕೂತಿರ್ಲಿ?"