ಹಿತ್ತಲ ಬಾಗಿಲಿನ ಕೆಂಪು ಬಟನ್

ಮೊನ್ನೆ ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದೆ. ಒಂದು ವರ್ಕ್‌ಶಾಪಿನ ಶಟರ್ ಅರ್ಧ ಎತ್ತಿತ್ತು. ಒಳಗಿನಿಂದ, ಬಿಸಿ ಕಬ್ಬಿಣದ ಮೇಲೆ ಎಣ್ಣೆ ಬಿದ್ದು ಸುಟ್ಟ ವಾಸನೆ ಬಂತು. ದಾರಿಹೋಕರು ಮೂಗು ಮುಚ್ಚಿಕೊಂಡು ನಡೆದರು. ನಾನು ನಿಂತುಬಿಟ್ಟೆ. ಕೆಲವರಿಗೆ ಹಳೆಯ ವಾಸನೆಗಳಿಂದ ತವರು ನೆನಪಾಗುತ್ತದಂತೆ. ನನಗೆ ಈ ವಾಸನೆಯಿಂದ ನೆನಪಾಗುವುದು ನನ್ನ ಹೊಟ್ಟೆಕಿಚ್ಚು. ನಗಬೇಡಿ, ಅದೂ ಒಂದು ಕಾಲದಲ್ಲಿ ನನ್ನ ಜೊತೆಗೇ ಉಂಡು ಮಲಗುತ್ತಿದ್ದ ಜೀವವೇ.

ನಮ್ಮವರು ಸಂಡೂರಿನ ಕಡೆ ಒಂದು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಆ ಕೆಲಸ ಬಿಟ್ಟು ಬರುವಾಗ ಕಬ್ಬಿಣ ಕಡೆಯುವ ಹಳೆಯ ಲೇತ್ ಮಷಿನ್ ಒಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದು ನಮ್ಮ ಹಿತ್ತಲ ತಗಡಿನ ಶೆಡ್ಡಿನಲ್ಲಿ ಇಳಿಸಿದರು. ಅಲ್ಲಿವರೆಗೆ ಆ ಶೆಡ್ಡು ನನ್ನದು. ಸೌದೆ, ಕುಳ್ಳು, ಉಪ್ಪಿನಕಾಯಿ ಭರಣಿ ಎಲ್ಲ ಅಲ್ಲಿರುತ್ತಿದ್ದವು. ಕಾಲುವೆ ನೀರು ಹರಿದು ಸುತ್ತಮುತ್ತ ಕಬ್ಬು, ಬಾಳೆ, ಭತ್ತ ತುಂಬಿಕೊಂಡಿದ್ದ ಕಾಲ ಅದು. ಪಂಪಿನ ಶಾಫ್ಟ್ ಸವೆದವರು, ಕಬ್ಬಿನ ಗಾಣದ ರೋಲರ್ ಕೆಟ್ಟವರು ಕಮಲಾಪುರ, ಕಡ್ಡಿರಾಂಪುರದಿಂದ ಸೈಕಲ್ಲಿಗೆ ಕಬ್ಬಿಣ ಕಟ್ಟಿಕೊಂಡು ನಮ್ಮ ಮನೆಗೇ ಬರತೊಡಗಿದರು. ನನ್ನ ಭರಣಿಗಳು ಅಡುಗೆಮನೆ ಸೇರಿದವು.

ಅದನ್ನಾದರೂ ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ಸುವರ್ಣಳನ್ನು.

ಸುವರ್ಣ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮೈದುನ ಅದಿರಿನ ಲಾರಿ ಓಡಿಸುತ್ತಿದ್ದ. ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಅವಳ ಅಪ್ಪ ಸಂಡೂರಿನ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಗಂಡು ಮಕ್ಕಳಿಲ್ಲದ ಆತ ಮಗಳ ಕೈಗೇ ಟೆಸ್ಟರ್ ಕೊಟ್ಟು ಬೆಳೆಸಿದ್ದ. ನಮ್ಮ ಮನೆಯಲ್ಲಿ ಸಣ್ಣ ಸೊಸೆ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವಳು ಅದನ್ನು ಬಟ್ಟೆ ಒಗೆಯುತ್ತಲೇ ಮುರಿದಳು.

"ಭಾವಾರ, ನಿಮ್ಮ ಸ್ಟಾರ್ಟರ್ ಭಾಳ ಗುಂಯ್‌ಗುಡಾಕತ್ತೈತಿ. ಒಳಗ ಕಾಂಟ್ಯಾಕ್ಟ್ ಸುಟ್ಟಿರಬೇಕು ನೋಡ್ರಿ" ಎಂದಳು, ಮುಖವನ್ನು ಒಗೆಯುವ ಕಲ್ಲಿನ ಕಡೆಗೇ ಇಟ್ಟುಕೊಂಡು. ನಮ್ಮವರು ಬಿಚ್ಚಿ ನೋಡಿದರು. ಸುಟ್ಟಿತ್ತು.

ಅಂದಿನಿಂದ ಶೆಡ್ಡಿನ ಬಾಗಿಲಲ್ಲಿ ಅವಳು, ಒಳಗೆ ಇವರು. ನನ್ನ ಜೊತೆ ನಮ್ಮವರ ಮಾತು "ಚಾ ಕೊಡು", "ಟವಲ್ ಎಲ್ಲಿ" ಎನ್ನುವುದರಾಚೆ ಹೋದದ್ದು ಕಡಿಮೆ. ಅವಳ ಜೊತೆ ಮಾತ್ರ ಅದೆಷ್ಟು ಮಾತು! ನಡುನಡುವೆ ನಗು ಬೇರೆ. ಅನುಮಾನ ಪಡುವಂಥದ್ದು ಏನೂ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಮೋಟಾರಿನ ಬಗ್ಗೆ ಮಾತಾಡಿದರೆಂದು ಯಾರ ಹತ್ತಿರ ದೂರುವುದು?

ಒಂದು ದಿನ ಕೇಳಿಯೇಬಿಟ್ಟೆ. "ನನಗ ಹೇಳಿದ್ರ ತಿಳಿಯಂಗಿಲ್ಲೇನ್ರಿ?"

"ನಿನಗ್ಯಾಕ ಬೇಕು ಈ ಎಣ್ಣಿ ಜಿಡ್ಡು" ಎಂದು ಪ್ರೀತಿಯಿಂದಲೇ ಅಂದರು. ಆ ಪ್ರೀತಿ ನನಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಆ ಲೇತಿಗೆ ಒಂದು ಐಬಿತ್ತು. ಅದನ್ನು ನಿಲ್ಲಿಸುವ ಸ್ಟಾರ್ಟರ್ ಹಿಂದಿನ ಗೋಡೆಯ ಮೇಲಿತ್ತು. ತಿರುಗುವ ಮಷಿನನ್ನು ಸುತ್ತು ಹಾಕಿ ಹೋಗಿ ಕೈ ಚಾಚಬೇಕು. ಸುವರ್ಣ ಬಿಡಲಿಲ್ಲ.

"ಕೈ ಸಿಕ್ಕೊಂಡ್ರ ಆ ಗ್ವಾಡಿಗೆ ಹೆಂಗ ಮುಟ್ತೀರಿ ಭಾವಾರ? ಮುಂದೊಂದು ಕೆಂಪು ಬಟನ್ ಹಾಕೂಣು."

ಅವಳ ಅಪ್ಪ ಗಣಿಯಿಂದ ಅಣಬೆಯಂಥ ಕೆಂಪು ತಲೆಯ ಬಟನ್ ಎರಡು ಕಳಿಸಿಕೊಟ್ಟ. ಸ್ಟಾರ್ಟರಿನೊಳಗಿನ ತಂತಿ ಸುರುಳಿಗೆ ಹೋಗುವ ವೈರನ್ನು ಕತ್ತರಿಸಿ, ಎರಡೂ ಬಟನ್ನುಗಳ ಒಳಗಿಂದ ಒಂದಾದ ಮೇಲೊಂದರಂತೆ ಹಾಯಿಸಿ, ತಿರುಗಿ ತಂದು ಸೇರಿಸುವುದು ಅವಳ ಲೆಕ್ಕ. ಯಾವುದನ್ನು ಗುದ್ದಿದರೂ ಕರೆಂಟು ಕಡಿದು ಮೋಟಾರು ನಿಲ್ಲುತ್ತದೆ.

"ಇಲಿ ವೈರು ಕಡದ್ರ?" ನಮ್ಮವರು ಕೇಳಿದರು.

"ಕಡದ್ರೂ ನಿಂದ್ರತೈತ್ರಿ. ಕೆಟ್ರ ಮಷಿನ್ ನಿಂದ್ರಬೇಕು, ಓಡಬಾರ್ದು."

ನಮ್ಮವರು ತಲೆದೂಗಿದ ರೀತಿ ನೋಡಬೇಕಿತ್ತು ನೀವು. ನನ್ನ ಎಣ್ಣೆಗಾಯಿಗೆ ಎಂದೂ ಹಾಗೆ ತಲೆದೂಗಿದವರಲ್ಲ.

ಒಂದು ಬಟನ್ ಲೇತಿನ ಮುಂದೆ ಕೂತಿತು. ಇನ್ನೊಂದನ್ನು ಅವಳು ಶೆಡ್ಡಿನ ಬಾಗಿಲ ಚೌಕಟ್ಟಿಗೆ ಹಾಕುತ್ತೇನೆಂದಳು. ನಮ್ಮವರಿಗೂ ಅದು ಅತಿ ಅನ್ನಿಸಿತು. ನನಗಂತೂ ಅವಕಾಶ ಸಿಕ್ಕಿತು. "ಮನಿ ತುಂಬ ಬಟನ್ ಹಚ್ಚವ್ವ, ರೊಟ್ಟಿ ಕಲ್ಲಿಗೂ ಒಂದು ಇರ್ಲಿ" ಎಂದೆ.

ಅವಳು ಸಿಟ್ಟಾಗಲಿಲ್ಲ. "ಯಕ್ಕಾ, ಗಣ್ಯಾಗ ಅದಿರಿನ ಬೆಲ್ಟಿನ ಗುಂಟ ಒಂದು ಹಗ್ಗ ಕಟ್ಟಿರ್ತಾರ, ಎಳದ್ರ ಬೆಲ್ಟ್ ನಿಂದ್ರತೈತಿ. ಸಿಕ್ಕೊಂಡಾವ ಎಲ್ಲಿ ಎಳೀತಾನ? ನೋಡಿದಾವ್ರು ಎಳೀಬೇಕು" ಎಂದಳು. ನಮ್ಮತ್ತೆ ಜಗಲಿಯಿಂದಲೇ, "ಸಣ್ಣಾಕಿ ಹೇಳಿದಂಗ ಮಾಡ್ಲೇ" ಎಂದು ಮಗನಿಗೆ ಅಪ್ಪಣೆ ಕೊಟ್ಟರು. ಪದ್ಧತಿ ಮುರಿದವಳಿಗೆ ಅತ್ತೆಯ ಬೆಂಬಲ! ಆ ದಿನ ನಾನು ಬಡಿದ ರೊಟ್ಟಿಯ ಸದ್ದು ಕಾಲುವೆಯ ಆಚೆ ದಂಡೆಗೆ ಕೇಳಿರಬೇಕು.

ಮಳೆಗಾಲಕ್ಕೆ ಮುಂಚೆ, ಕೆಲಸ ತುಂಬಿಕೊಂಡಿದ್ದ ಒಂದು ಮಧ್ಯಾಹ್ನ. ಸುವರ್ಣ ಶೆಡ್ಡಿನ ಕಡೆ ಹೋದದ್ದನ್ನು ಕಂಡೆ. ಚಹಾ ಕೊಡುವ ನೆಪದಲ್ಲಿ ಹಿಂದೆಯೇ ಹೋಗಿ, ಒಳಗೆ ಕಾಲಿಡದೆ ಚೌಕಟ್ಟಿಗೆ ಒರಗಿ ನಿಂತೆ. ಅದೇನು ಅಷ್ಟೊಂದು ಮಾತಾಡುತ್ತಾರೆಂದು ಕೇಳಿಯೇ ಹೋಗಬೇಕೆಂಬ ಹಟ. ಮಷಿನ್ ಸದ್ದಿನಲ್ಲಿ ಒಂದಕ್ಷರ ಕೇಳಲಿಲ್ಲ. ಅವಳು ಮೂಲೆಯಲ್ಲಿ ಬಗ್ಗಿ ಏನೋ ಹುಡುಕುತ್ತಿದ್ದಳು. ನಮ್ಮವರು ಲೇತಿನಲ್ಲಿ ತಿರುಗುತ್ತಿದ್ದ ಉದ್ದದ ಶಾಫ್ಟಿನ ಮೇಲೆ ಬಾಗಿ ನೋಡಿದರು. ಕೊರಳಿಗೆ ಸುತ್ತಿದ್ದ ಟವಲಿನ ತುದಿ ಜಾರಿತು. ಶಾಫ್ಟು ಅದನ್ನು ಹಿಡಿದು ಸುತ್ತಿಕೊಂಡಿತು.

ಅವರು ಕೂಗಲಿಲ್ಲ. ಕೂಗಲು ಉಸಿರಿರಲಿಲ್ಲ. ಎರಡೂ ಕೈ ಕೊರಳ ಟವಲಿಗೇ ಹೋದವು. ಮುಂದಿನ ಬಟನ್ ಎದೆಯ ಕೆಳಗೇ ಇದ್ದರೂ ಅದರ ಕಡೆ ಕೈ ಹೋಗಲಿಲ್ಲ. ಚಹಾದ ಲೋಟ ಯಾವಾಗ ಬಿತ್ತೋ ತಿಳಿಯದು. ನನ್ನ ಅಂಗೈ ಚೌಕಟ್ಟಿನ ಬಟನ್ನಿನ ಕೆಂಪು ತಲೆಯನ್ನು ಗುದ್ದಿತ್ತು. ಗೋಡೆಯ ಸ್ಟಾರ್ಟರ್ 'ಟಕ್' ಎಂದಿತು. ಶಾಫ್ಟು ಇನ್ನೂ ಒಂದೆರಡು ಸುತ್ತು ತಿರುಗಿ, ಅವರ ಕೆನ್ನೆ ಕಬ್ಬಿಣಕ್ಕೆ ತಾಗುವಷ್ಟರಲ್ಲಿ ನಿಂತಿತು. ಸುವರ್ಣ ಓಡಿಬಂದು ಕತ್ತರಿಯಿಂದ ಟವಲ್ ಕತ್ತರಿಸಿದಳು. ಕೊರಳ ಸುತ್ತ ಚರ್ಮ ಕಿತ್ತು ಕೆಂಪಾಗಿತ್ತು. ನೆಲದ ಮೇಲೆ ಕೂತು ಕೆಮ್ಮಿದರು. ಆ ಕೆಮ್ಮಿನಷ್ಟು ಇಂಪಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಸಂಜೆಯ ಹೊತ್ತಿಗೆ ಓಣಿಯೆಲ್ಲ ಜಗಲಿಯಲ್ಲಿ ನೆರೆದಿತ್ತು. "ದೊಡ್ಡ ಸೊಸಿ ಗಂಡನ್ನ ಉಳಿಸ್ಕೊಂಡ್ಲು ನೋಡವ್ವ" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಬಾಗಿಲಲ್ಲಿ ಯಾಕೆ ನಿಂತಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಒಳಗೆ ಪಾತ್ರೆಗಳು ಒಂದರ ಮೇಲೊಂದು ಬೀಳುವ ಸದ್ದಾಗುತ್ತಿತ್ತು. ಹೋಗಿ ನೋಡಿದರೆ ಸುವರ್ಣ.

"ವೈರು ಎಳದಾಕಿ ನಾನು, ಹೆಸರು ನಿಂದು" ಎಂದಳು. ಕಣ್ಣಲ್ಲಿ ನೀರಿತ್ತು.

ಅವಳ ಹೊಟ್ಟೆಯಲ್ಲೂ ಕಿಚ್ಚು ಇದ್ದದ್ದು ಕಂಡು, ಸುಳ್ಳೇಕೆ ಹೇಳಲಿ, ಹಾಯೆನಿಸಿತು. ಪಕ್ಕದಲ್ಲಿ ಕೂತು ಪಾತ್ರೆ ತೊಳೆದೆ.

ಮುಂದೆ ಮೈದುನ ಕಂಪ್ಲಿಯಲ್ಲಿ ಭತ್ತದ ಗದ್ದೆ ಮಾಡಿ ಸಂಸಾರವನ್ನು ಅಲ್ಲಿಗೆ ಕರೆದೊಯ್ದ. ಲೇತು ಮಾರಿಹೋಯಿತು. ನಮ್ಮವರು ಮುಪ್ಪಿನಲ್ಲಿ, ಹಾಸಿಗೆಯಲ್ಲಿ, ನೆಮ್ಮದಿಯಾಗಿ ಹೋದರು.

ವರ್ಕ್‌ಶಾಪಿನ ಮುಂದೆ ನಿಂತ ಮರುದಿನವೇ ನಾನು ಕಂಪ್ಲಿಗೆ ಹೋದೆ. ಸುವರ್ಣಳ ತಲೆ ಪೂರ್ತಿ ಬೆಳ್ಳಗಾಗಿದೆ. ಊಟವಾದ ಮೇಲೆ ಕೇಳಿದೆ, "ಶೆಡ್ನಾಗ ಅವರು ನಿನ್ನ ಕೂಡ ಏನೇನು ಮಾತಾಡ್ತಿದ್ರಬೇ?"

ಅವಳು ಅಚ್ಚರಿಯಿಂದ ನೋಡಿ, ನಕ್ಕು, ಹೇಳತೊಡಗಿದಳು. ಗಣಿಗೆ ಹೊಸದಾಗಿ ಸೇರಿದಾಗ ಇವರು ಮೇಸ್ತ್ರಿಗೆ ಹೆದರಿ ಅದಿರಿನ ವ್ಯಾಗನ್ನಿನಲ್ಲಿ ಅಡಗಿ ಕೂತದ್ದು. ಮೈಯೆಲ್ಲ ಕೆಂಪು ಧೂಳಾಗಿ ಹೊರಬಂದಾಗ ಆ ಮೇಸ್ತ್ರಿಯೇ ಹೆದರಿ ಓಡಿದ್ದು. ನಾನು ಆ ಕಥೆ ಕೇಳಿಯೇ ಇರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಸಿಗದ ಗಂಡ ಅವಳ ನೆನಪಿನಲ್ಲಿ ಓಡಾಡುತ್ತಿದ್ದ, ನಗುತ್ತಿದ್ದ.

ಎದೆಯಲ್ಲಿ ಹಳೆಯ ಉರಿ ಎದ್ದಿತು. ಆರಿಲ್ಲ ನೋಡಿ, ಈ ವಯಸ್ಸಿಗೂ. ನಾನು ಅವಳ ಹತ್ತಿರಕ್ಕೆ ಸರಿದು ಕೂತು, "ಇನ್ನೊಂದು ಹೇಳವ್ವ" ಎಂದೆ.