ಮುದ್ದೆಮಾಲು ಕೋಣೆಯ ಬೀಗದಕ್ಕ

ಬೆಳಗಿನ ಐದೂ ಮುಕ್ಕಾಲು. ಠಾಣೆಯ ಮುಂಭಾಗದಲ್ಲಿ ರಾತ್ರಿ ಪಾಳಿಯವರು ಆಕಳಿಸುತ್ತ ಕೂತಿದ್ದಾರೆ. ಹಿಂಬದಿಯ ಕಾರಿಡಾರಿನ ಕೊನೆಯಲ್ಲಿ ಖಾಕಿ ತೊಟ್ಟ ಹೆಂಗಸೊಬ್ಬರು ಬೀಗ ತೆಗೆಯುತ್ತಿದ್ದಾರೆ. ಒಂದು, ಎರಡು, ಮೂರು. ಮಲಗಿದ ಮಕ್ಕಳ ಕೋಣೆಗೆ ಹೋಗುವ ಹಾಗೆ ಬಾಗಿಲನ್ನು ಒಂದಿಷ್ಟೇ ಸರಿಸಿ ಒಳಗೆ ಕಾಲಿಡುತ್ತಾರೆ. ಮೇಲಿನ ಕಿಂಡಿಯಿಂದ ಇಳಿದ ಬೆಳಕಿನಲ್ಲಿ ದೂಳು ಅವಸರವಿಲ್ಲದೆ ತೇಲುತ್ತಿದೆ. ಗೋಡೆಗೊರಗಿದ ಸೈಕಲ್ಲುಗಳು, ಕಪಾಟಿನ ತುಂಬ ಬಿಳಿ ಬಟ್ಟೆಯ ಗಂಟುಗಳು, ಮೂಲೆಯಲ್ಲೊಂದು ಹಾರ್ಮೋನಿಯಂ. ಎಲ್ಲವೂ ಇನ್ನೂ ನಿದ್ದೆಯಲ್ಲಿರುವಂತೆ ಕಾಣುತ್ತವೆ.

ಆಮೇಲೆ ಹಾಜರಿ ಶುರು. "ಟೀಚರಮ್ಮನ ಸ್ಕೂಟರ್, ಇದೆ. ಅಜ್ಜನ ಕನ್ನಡಕ, ಇದೆ. ಅತ್ತೆ-ಸೊಸೆ ಜಗಳದ ರುಬ್ಬೋ ಕಲ್ಲು... ಇದನ್ನ ಯಾರು ಕದೀತಾರೆ, ಇದ್ದೇ ಇರುತ್ತೆ." ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಕಟ್ಟಿದ ಚೀಟಿ ಓದಿ ಮುಂದೆ ಸಾಗುತ್ತಾರೆ. ಒಟ್ಟು ಸಾವಿರದ ನಾನೂರ ಹನ್ನೆರಡು ವಸ್ತುಗಳು. ಎಲ್ಲವನ್ನೂ ಮುಟ್ಟಿ ಮುಗಿಸಲು ಒಂದೂವರೆ ಗಂಟೆ ಬೇಕು. ಹೀಗೆ ದಿನಾ ಮುಟ್ಟಿ ನೋಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಇದು ಅವರೇ ಹಾಕಿಕೊಂಡ ಪದ್ಧತಿ.

ಅಪರಾಧ ನಡೆದ ಜಾಗದಲ್ಲಿ ಸಿಕ್ಕ, ಆರೋಪಿಗಳಿಂದ ವಶಪಡಿಸಿಕೊಂಡ ವಸ್ತುಗಳೆಲ್ಲ ಕೇಸು ಮುಗಿಯುವ ತನಕ ಇರುವುದು ಈ ಮುದ್ದೆಮಾಲು ಕೋಣೆಯಲ್ಲಿ. ಹೆಡ್ ಕಾನ್ಸ್‌ಟೇಬಲ್ ಆಗಿರುವ ಇವರು ಇದನ್ನು ಕಾಯಲು ತೊಡಗಿ ಹತ್ತೊಂಬತ್ತು ವರ್ಷವಾಯಿತು. ಠಾಣೆಯವರ ಬಾಯಲ್ಲಿ ಇವರು ಬೀಗದಕ್ಕ. ಕಳ್ಳರನ್ನು ಅಟ್ಟಿಸಿಕೊಂಡು ಹೋಗುವಾಗ ಮೊಣಕಾಲು ಮುರಿದುಕೊಂಡ ಇವರನ್ನು "ಎರಡು ತಿಂಗಳು ಕೂತಿರಿ" ಎಂದು ಇಲ್ಲಿಗೆ ಕಳಿಸಿದರಂತೆ. "ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ ನೋಡಿ" ಎಂದು ನಗುತ್ತಾರೆ.

ವಾರಕ್ಕೆ ಎರಡು ಮೂರು ಸಲ ಮುದ್ದೆಮಾಲು ನ್ಯಾಯಾಲಯಕ್ಕೆ ಹೋಗಬೇಕು. ಜೀಪು ಸದಾ ದೊಡ್ಡವರ ಓಡಾಟಕ್ಕೆ ಮೀಸಲಾದ್ದರಿಂದ ಅಕ್ಕ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಾರೆ. ಒಮ್ಮೆ ಪಕ್ಕದ ಸೀಟಿನ ಮುದುಕಿ, "ಏನಮ್ಮ, ತವರಿಗೆ ತಿಂಡಿ ಕಟ್ಕೊಂಡು ಹೊರಟ್ಯಾ?" ಎಂದು ಗಂಟಿನ ಮೇಲೆ ಕೈ ಇಟ್ಟಳಂತೆ. ಒಳಗಿದ್ದದ್ದು ಮಚ್ಚು. "ಹೂಂ ಅಜ್ಜಿ, ಸ್ವಲ್ಪ ಖಾರ" ಅಂದು ಕಿಟಕಿಯ ಕಡೆ ತಿರುಗಿದ್ದಾಗಿ ಹೇಳುತ್ತಾರೆ. ಮನೆಯಲ್ಲೂ ಈ ಗೀಳು ಬಿಟ್ಟಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ, ತಾರೀಖು. "ಸಕ್ಕರೆ ತಗೊಳ್ಳೋಕೂ ಇಬ್ಬರು ಸಾಕ್ಷಿ ಬೇಕು ನಮ್ಮನೇಲಿ" ಎಂದು ಬೇಕರಿಯಲ್ಲಿ ಕೆಲಸ ಮಾಡುವ ಗಂಡ ಕಾಲೆಳೆಯುತ್ತಾರೆ.

ಅಕ್ಕನಿಗೆ ಆಗಾಗ ಒಂದು ಕನಸು ಬೀಳುತ್ತದೆ. ಬೀಗಗಳು ತಾವಾಗಿಯೇ ಕಳಚಿಕೊಳ್ಳುತ್ತವೆ. ಸೈಕಲ್ಲುಗಳು ಸವಾರರಿಲ್ಲದೆ ಸಾಲಾಗಿ ಹೊರಗೆ ಹೊರಡುತ್ತವೆ. ದೀಪದ ಕಂಬಗಳ ಕೆಳಗೆ, ಸದ್ದೇ ಇಲ್ಲದ ಬೀದಿಗಳಲ್ಲಿ, ಒಂದೊಂದೂ ತನ್ನ ಮನೆಯ ತಿರುವಿನಲ್ಲಿ ತಿರುಗಿಕೊಳ್ಳುತ್ತದೆ. "ನಾನು ಹಿಂದೆ ಹಿಂದೆ ಹೋಗ್ತೀನಿ. ತಡೆಯೋಕೆ ಮನಸ್ಸಾಗಲ್ಲ. ಎದ್ದ ಮೇಲೆ ಗಾಬರಿಯಾಗಿ ಒಂದ್ಸಲ ಎಣಿಸಿಬಿಡೋಣ ಅನ್ಸುತ್ತೆ."

ಕನಸಿನಲ್ಲೂ ಕದಲದ ಗಂಟೊಂದು ಎರಡನೇ ಕಪಾಟಿನಲ್ಲಿದೆ. ಒಳಗೆ ಕಾರಿನ ಪಕ್ಕದ ಕನ್ನಡಿ. ಗಾಜು ಒಡೆದಿದೆ, ಅಂಚಿನಲ್ಲಿ ನೀಲಿ ಬಣ್ಣ ಮೆತ್ತಿದೆ. ನಾಲ್ಕು ವರ್ಷಗಳ ಹಿಂದೆ, ಬೆಳಗಿನ ಜಾವ ಕೆಲಸಕ್ಕೆ ಹೊರಟಿದ್ದ ದರ್ಜಿ ಹುಡುಗಿಯೊಬ್ಬಳಿಗೆ ಗುದ್ದಿ ನಿಲ್ಲದೆ ಹೋದ ಕಾರಿನದು. ಹುಡುಗಿ ಬದುಕುಳಿದಳು. ಆದರೆ ಹೊಲಿಗೆ ಯಂತ್ರ ತುಳಿಯುವ ಕಾಲು ಉಳಿಯಲಿಲ್ಲ. ಆ ನೀಲಿ ಕಾರು ದೊಡ್ಡ ಮನೆತನದ್ದು. ಊರಿನ ಅರ್ಧ ಕಟ್ಟಡಗಳ ಮೇಲೆ ಅವರ ಹೆಸರಿದೆ. ಅವತ್ತು ಕಾರು ಶೆಡ್ಡಿನಿಂದ ಕದಲಲೇ ಇಲ್ಲ ಎಂಬುದು ಆ ಮನೆಯ ಮಗನ ವಾದ. ಕದಲಿತ್ತು ಎಂದು ಹೇಳಲು ಇರುವುದು ರಸ್ತೆಯಲ್ಲಿ ಸಿಕ್ಕ ಈ ಕನ್ನಡಿಯೊಂದೇ.

ಹುಡುಗಿಯ ಅಪ್ಪ ನಿವೃತ್ತ ಬಸ್ ಚಾಲಕ. ಪ್ರತಿ ಸೋಮವಾರ ಠಾಣೆಗೆ ಬಂದು, ಮುದ್ದೆಮಾಲು ಕೋಣೆಯ ಜಾಲರಿಯಾಚೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇದ್ಯಾಮ್ಮ?"

"ಇದೆ ಯಜಮಾನ್ರೇ."

ಅಷ್ಟೇ. ದೂರದಿಂದ ಗಂಟನ್ನು ನೋಡಿ ಹೊರಟುಬಿಡುತ್ತಿದ್ದರು. ಮೊದಮೊದಲು ಅಕ್ಕನಿಗೆ ಸಿಟ್ಟೇ ಬರುತ್ತಿತ್ತಂತೆ. "ನನ್ನನ್ನ ಕಳ್ಳಿ ಅಂದ್ಕೊಂಡಿದಾರಾ ಅಂತ. ಆಮೇಲೆ ಯೋಚನೆ ಮಾಡಿದೆ. ಅವರ ಜಾಗದಲ್ಲಿ ನಾನಿದ್ದಿದ್ರೆ ದಿನಾ ಬರ್ತಿದ್ದೆ."

ತಪ್ಪು ನಡೆದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಗಂಟಿನ ದಾರದ ಮೇಲೆ ಒತ್ತಿದ್ದ ಅರಗಿನ ಮುದ್ರೆ ಸೆಕೆಗೆ ಬಿರುಕು ಬಿಟ್ಟು ಉದುರಿತ್ತು. ಬೆಳಗಿನ ಹಾಜರಿಯ ಹೊತ್ತು. ಅಂಗಿಯ ಗುಂಡಿ ಬಿದ್ದರೆ ತಕ್ಷಣ ಹೊಲಿದುಬಿಡುವ ಕೈ ಅವರದು. ಅರಗು ಕರಗಿಸಿ, ದಾರದ ಮೇಲೆ ಸುರಿದು ಹೊಸ ಮುದ್ರೆ ಒತ್ತಿಬಿಟ್ಟರು. ಅರಗು ಆರುವಷ್ಟರಲ್ಲಿ ತಪ್ಪು ಹೊಳೆಯಿತು. ಮುದ್ರೆ ಬದಲಿಸುವಾಗ ಹೊರಗಿನ ಇಬ್ಬರು ಸಾಕ್ಷಿಗಳಿದ್ದು ಸಹಿ ಹಾಕಬೇಕು. ಅಲ್ಲಿ ಇದ್ದದ್ದು ಅವರೊಬ್ಬರೇ. ಕೂಡಲೇ ರಿಜಿಸ್ಟರ್ ತೆಗೆದು, ತಾರೀಖು ಹಾಕಿ ಬರೆದರು: "ಮುದ್ರೆ ಒಡೆದಿತ್ತು. ಸಾಕ್ಷಿಗಳಿಲ್ಲದೆ ನಾನೇ ಹೊಸದು ಹಾಕಿದ್ದೇನೆ. ಗಂಟು ಬಿಚ್ಚಿಲ್ಲ. ತಪ್ಪು ನನ್ನದು."

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಆ ನಾಲ್ಕು ಸಾಲು ಠಾಣೆಯವರ ಕಣ್ಣು ಕುಕ್ಕಿತು. ದೊಡ್ಡ ಮನೆಯ ಕಡೆಯವನೊಬ್ಬ ಬಂದು, ಇಲಿ ಕಾಟ ಜಾಸ್ತಿ ಅಲ್ಲವೇ, ಒಂದು ಗಂಟು ಕಾಣೆಯಾದರೆ ಯಾರು ಕೇಳುತ್ತಾರೆ ಎಂದು ನಯವಾಗಿ ನಕ್ಕ. ಅವನನ್ನು ಹೊರಗಟ್ಟುವುದು ಸುಲಭವಾಗಿತ್ತು. ಕಷ್ಟವಾದದ್ದು ಮೇಲಧಿಕಾರಿಯ ಮಾತು. ಅವರು ಪ್ರಾಮಾಣಿಕರೇ, ಹುಡುಗಿಗೆ ನ್ಯಾಯ ಸಿಗಲೆಂದು ಒದ್ದಾಡುತ್ತಿದ್ದವರೇ. "ಅಕ್ಕ, ಆ ಹಾಳೆ ಕಿತ್ತು ಬೇರೆ ಬರೆದುಬಿಡಿ. ಇಬ್ಬರ ಸಹಿ ನಾನು ಹಾಕಿಸ್ತೀನಿ. ಇಲ್ದಿದ್ರೆ ಕೇಸು ಬಿದ್ದುಹೋಗುತ್ತೆ" ಎಂದರು.

"ಆ ರಾತ್ರಿ ಊಟ ಸೇರಲಿಲ್ಲ" ಎನ್ನುತ್ತಾರೆ ಅಕ್ಕ. "ಒಳ್ಳೇದಕ್ಕೇ ಹೇಳ್ತಿದಾರೆ, ನಿಜ. ಆದ್ರೆ ಒಂದು ಹಾಳೆ ಸುಳ್ಳಾದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ನಾನೇ ನಂಬಲ್ಲ." ಹಾಳೆ ಹಾಗೇ ಉಳಿಯಿತು. ಮುಂದಿನ ಸೋಮವಾರ ಬಸ್ ಚಾಲಕರು ಬಂದಾಗ ಜಾಲರಿಯ ಬಾಗಿಲು ತೆಗೆದು ಹೊರಬಂದು, ನಡೆದದ್ದನ್ನೆಲ್ಲ ಹೇಳಿದರು. ಮುದುಕರು ಕೇಳಿಸಿಕೊಂಡು ಹೊರಟುಹೋದರು. ಆಮೇಲೆ ಐದು ಸೋಮವಾರ ಅವರ ಸುಳಿವಿಲ್ಲ. ಆ ಐದು ವಾರ ಅನುಭವಿಸಿದಷ್ಟು ಸಂಕಟವನ್ನು ಮೊಣಕಾಲು ಮುರಿದಾಗಲೂ ಪಟ್ಟಿರಲಿಲ್ಲ ಎನ್ನುತ್ತಾರೆ.

ನ್ಯಾಯಾಲಯದಲ್ಲಿ ಪಾಟೀಸವಾಲು ಒಂದು ಗಂಟೆ ನಡೆಯಿತು. ಒಳಗಿನ ಕನ್ನಡಿಯನ್ನೇ ಬದಲಿಸಿರಬಹುದಲ್ಲ, ನಿಮ್ಮನ್ನು ಯಾಕೆ ನಂಬಬೇಕು ಎಂದು ಎದುರು ವಕೀಲರು ಮತ್ತೆ ಮತ್ತೆ ಕೇಳಿದರು. ಅಕ್ಕನ ಉತ್ತರ ಒಂದೇ: "ನಂಬಲೇಬೇಕು ಅಂತ ನಾನು ಹೇಳ್ತಿಲ್ಲ ಸಾರ್. ತಪ್ಪು ಮಾಡಿದ್ದನ್ನ ಅವತ್ತೇ ಬರೆದಿಟ್ಟಿದೀನಿ. ಓದಿ ನೋಡಿ." ನ್ಯಾಯಾಧೀಶರು ರಿಜಿಸ್ಟರ್ ತರಿಸಿಕೊಂಡು ಹಿಂದಿನ, ಮುಂದಿನ ಪುಟಗಳನ್ನೂ ಓದಿದರು. ಕನ್ನಡಿಯನ್ನು ಸಾಕ್ಷ್ಯವಾಗಿ ತೆಗೆದುಕೊಂಡರು. ತೀರ್ಪು ಇನ್ನೂ ಬಂದಿಲ್ಲ. ಅದು ಯಾವ ಕಡೆ ವಾಲುತ್ತದೋ ಅಕ್ಕನಿಗೂ ಗೊತ್ತಿಲ್ಲ.

ಅದಾದ ಮರು ಸೋಮವಾರ ಬಸ್ ಚಾಲಕರು ಬಂದರು. ಕಾರಿಡಾರಿನ ಬೆಂಚಿನ ಮೇಲೆ ಕೂತರು, ನೀರು ಕುಡಿದರು, ಸೆಕೆಯ ಬಗ್ಗೆ ಮಾತಾಡಿದರು. ಎದ್ದು ಹೊರಟೇಬಿಟ್ಟರು. ಅಕ್ಕನೇ ತಡೆದು ಕೇಳಿದರು.

"ಗಂಟು ನೋಡಲ್ವಾ ಯಜಮಾನ್ರೇ?"

"ಬೇಡಮ್ಮ. ಪೊಲೀಸ್ರನ್ನ ನಂಬ್ತೀಯಾ ಅಪ್ಪ ಅಂತ ನಿನ್ನೆ ಮಗಳು ಕೇಳಿದ್ಲು. ಪೊಲೀಸ್ರ ವಿಷಯ ಗೊತ್ತಿಲ್ಲ, ಆ ಬೀಗದಕ್ಕನ್ನ ನಂಬ್ತೀನಿ ಅಂದೆ."

ಇದನ್ನು ಹೇಳುವಾಗ ಅಕ್ಕನ ಕಣ್ಣು ಒದ್ದೆಯಾಗುತ್ತದೆ. ಸೆರಗಿಲ್ಲದ ಖಾಕಿಯಲ್ಲಿ ಕಣ್ಣೊರೆಸಿಕೊಳ್ಳಲು ತೋಳೇ ಗತಿ. ಅವರ ನಿವೃತ್ತಿಗೆ ಉಳಿದಿರುವುದು ಏಳು ತಿಂಗಳು. ಇನ್ನೇನು ಬೇಕು ಅಕ್ಕ, ಇಷ್ಟು ದೊಡ್ಡ ಮಾತು ಬಂತಲ್ಲ ಎಂದರೆ ತಲೆಯಾಡಿಸುತ್ತಾರೆ.

"ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ನನ್ನೊಬ್ಬಳನ್ನ ನಂಬಿದ್ರೆ ಸಾಲದು. ನಾಳೆ ನಾನಿರಲ್ಲ. ಇಲ್ಲಿ ಯಾರೇ ಕೂತಿರಲಿ, ಅವರ ಮುಖ ಗೊತ್ತಿಲ್ದಿದ್ರೂ ಆ ಯಜಮಾನ್ರು ಸೋಮವಾರ ಬೆಳಿಗ್ಗೆ ಮನೇಲಿ ಇನ್ನೊಂದು ಗಂಟೆ ನಿದ್ದೆ ಮಾಡೋ ಹಾಗಾಗ್ಬೇಕು. ನನಗಿರೋದು ಅದೊಂದೇ ಆಸೆ."