ಪರಶಪ್ಪ ಕಾಕಾನ ನಾಲ್ಕು ಕಂಬ

ನಾನು ಗಜೇಂದ್ರಗಡದಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ. ಅದು ಸಂಬಳದ ಅರ್ಧ ಕೆಲಸ. ಉಳಿದರ್ಧ, ಸಾವಕಾರ ಅನಿಲಕುಮಾರರು ಹೇಳಿದ್ದಕ್ಕೆಲ್ಲ "ಹೌದ್ರಿ" ಅನ್ನುವುದು. ಅವರು ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರೂ ಹೌದು. ಒಂದು ದಿನ ಗಲ್ಲಾದ ಮೇಲೆ ಕುಳಿತು "ಕ್ಲಬ್ಬಿಗೊಬ್ಬ ಗೋಲ್‌ಕೀಪರ್ ಬೇಕು" ಅಂದರು. ರೂಢಿಯಂತೆ "ಹೌದ್ರಿ" ಅಂದೆ. ಹೀಗೆ ನಾನು ಗೋಲ್‌ಕೀಪರ್ ಆದೆ.

ನನ್ನ ಆಟದ ಬಗ್ಗೆ ನಮ್ಮ ಕೋಚ್ ಪರಶಪ್ಪ ಕಾಕಾನ ಅಭಿಪ್ರಾಯ ಊರಿಗೆಲ್ಲ ಗೊತ್ತು. ಚಹಾದಂಗಡಿಯಲ್ಲಿ ಅವನು ಅದನ್ನು ನನ್ನೆದುರಿಗೇ ಹೇಳುತ್ತಾನೆ. "ಬೀಗರಿಗೆ ಆಯೇರಿ ಉಡುಗೊರಿ ಕೊಡೂಮುಂದ ಒಲ್ಲೆ ಒಲ್ಲೆ ಅಂತ ಕೈ ಹಿಂದ ಜಗ್ಗತಾರಲ್ಲ, ನಮ್ಮ ಕಳಕೇಶ ಚೆಂಡ್ ಹಿಡಿಯೂದು ಹಂಗ."

ಪರಶಪ್ಪ ರಾಜೂರಿನವನು. ಅವ್ವ-ಅಪ್ಪ ದುಡಿಯಲು ಗೋವಾಕ್ಕೆ ಹೋದಾಗ ಅವರ ಹಿಂದೆ ಹೋದ. ಅವರು ದುಡಿಯುತ್ತಿದ್ದ ಕಟ್ಟಡದ ಬಾಜೂಕೇ ಒಂದು ಮೈದಾನ. ಹೊರಗೆ ಬಂದ ಚೆಂಡನ್ನು ಬರಿಗಾಲಲ್ಲಿ ತಿರುಗಿ ಒದೆಯುತ್ತ ಒದೆಯುತ್ತ, ಒಂದು ದಿನ ತಾನೂ ಒಳಗೆ ಸೇರಿಕೊಂಡ. ಹಗಲು ಬುಟ್ಟಿ ಹೊರುವುದು, ಸಂಜೆ ಅಲ್ಲಿಯ ಕ್ಲಬ್ಬಿನ ಪರವಾಗಿ ಎಡಗಡೆಯ ಅಂಚಿನಲ್ಲಿ ಓಡುವುದು. ಒಂದು ಟೂರ್ನಮೆಂಟಿನ ಫೈನಲ್‌ನಲ್ಲಿ ಗೋಲು ಹೊಡೆದದ್ದು ಖರೆ. ಎಷ್ಟು ದೂರದಿಂದ ಎನ್ನುವುದು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಹೀಗೇ ಹೋದರೆ ಚೆಂಡು ನಮ್ಮ ಪಕ್ಕದ ರೋಣದಿಂದಲೇ ಹೊರಡಬೇಕಾದೀತು. ಮೊಣಕಾಲು ಹೋದದ್ದು ಆಟದಲ್ಲಲ್ಲ, ಕಟ್ಟಡದಿಂದ ಬಿದ್ದು. ಅದನ್ನೂ ಅವನು ಆ ಕ್ಲಬ್ಬಿನ ಮ್ಯಾನೇಜ್‌ಮೆಂಟಿನ ಲೆಕ್ಕಕ್ಕೇ ಹಾಕುತ್ತಾನೆ. ಈಗ ನಮ್ಮೂರಲ್ಲಿ ಗೌಂಡಿ. ಗೋಡೆಗೆ ಸಿಮೆಂಟು ಮೆತ್ತುತ್ತಲೇ ಫುಟ್‌ಬಾಲ್ ಬಗ್ಗೆ ಮಾತಾಡುತ್ತಾನೆ. "ಮದಿವ್ಯಾದಾಗಿಂದ ನನ್ನ ಕಿವಿಗೆ ಹಾಫ್‌ಟೈಮ್ ಸಿಕ್ಕಿಲ್ರಿ" ಎನ್ನುತ್ತಾಳೆ ಹೆಂಡತಿ ಯಂಕವ್ವ.

ಅವನ ಸಿದ್ಧಾಂತ ಇಷ್ಟು: "ಚೆಂಡ್ ಕೇಳಿದ್ರ, ಹಳೇದ್ರಾಗ ಮ್ಯಾನೇಜ್ ಮಾಡ್ಕೋರಿ ಅಂತಾರ. ಬೂಟ್ ಕೇಳಿದ್ರ, ಮ್ಯಾನೇಜ್ ಮಾಡ್ಕೋರಿ. ಮ್ಯಾನೇಜ್ ಮಾಡ್ಕೊಳ್ಳಾವ್ರು ನಾವು, ಮ್ಯಾನೇಜಮೆಂಟ್ ಅನ್ನಿಸ್ಕೊಳ್ಳಾವ್ರು ಅವ್ರು." ಆಟಗಾರರನ್ನೂ ಬಿಡುವುದಿಲ್ಲ. "ಈಗಿನ ಹುಡುಗ್ರು ಗೋಲ್ ಹೊಡದ ಮ್ಯಾಲೆ ಕುಣಿಯೂದನ್ನ ಮೊದಲ ಕಲೀತಾರ. ಗೋಲ್ ಆಮ್ಯಾಲೆ."

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮೈದಾನದ ನಾಲ್ಕೂ ಗೋಲ್ ಕಂಬ ಮಾಯವಾದವು. ಕ್ರಿಕೆಟ್ಟಿಗೆ ಅಡ್ಡ ಬರುತ್ತವೆಂದು ಕ್ಲಬ್ಬಿನ ಕಮಿಟಿಯವರೇ ಕೀಳಿಸಿದ್ದರು. ಎಲ್ಲಿಟ್ಟಿದ್ದೀರಿ ಎಂದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು. ಅತ್ತ ನರಗುಂದದ ತಂಡ ಬರುವ ಭಾನುವಾರ ಹತ್ತಿರವಾಗಿತ್ತು. ಹೋದ ಸಲ ಅವರೂರಲ್ಲಿ ಕಂಬದ ಬದಲು ಚಪ್ಪಲಿ ಇಟ್ಟು ಆಡಿದ್ದೆವು. ಚೆಂಡು ಚಪ್ಪಲಿಯ ಒಳಗಿಂದ ಹೋಯಿತೋ ಮೇಲಿಂದ ಹೋಯಿತೋ ಎಂಬ ವಾದ ಮುಗಿಯುವಷ್ಟರಲ್ಲಿ ಚಪ್ಪಲಿಯೇ ಕಳುವಾಗಿತ್ತು. ಈ ಸಲ ಕಂಬ ಇಲ್ಲದಿದ್ದರೆ ತಿರುಗಿ ಹೋಗುತ್ತೇವೆ, ಮತ್ತೆಂದೂ ಬರುವುದಿಲ್ಲ ಎಂದು ಅವರು ಹೇಳಿ ಕಳಿಸಿದ್ದರು. ನಮ್ಮೊಂದಿಗೆ ಆಡಲು ಒಪ್ಪುವ ಊರು ಉಳಿದಿದ್ದೇ ಅದೊಂದು. ಅದೂ ಹೋದರೆ ಕ್ಲಬ್ಬಿಗೆ ಕಮಿಟಿ ಮಾತ್ರ ಉಳಿಯುತ್ತಿತ್ತು.

ಪರಶಪ್ಪ ದಿನಾ ಅಂಗಡಿಗೆ ಬರತೊಡಗಿದ. ಬೇಸಿಗೆಯ ಹೆಸರುಕಾಳಿನ ಬೀಜ ಕೇಳುವ ರೈತರ ನಡುವೆ ನಿಂತು, "ಸಾವಕಾರ್ರ, ಕಂಬ" ಎನ್ನುವುದು. ಚಹಾ ಕುಡಿದು ಹೋಗುವುದು.

"ಈ ಮನಷಾಗ ಒಂದ್ ಸನ್ಮಾನ ಮಾಡಿಬಿಡೂಣು" ಅಂದರು ಸಾವಕಾರರು. "ಶಾಲ್ ಹೊದ್ದ ಮ್ಯಾಲೆ ಎಂಥಾವನೂ ಮೆತ್ತಗಾಗ್ತಾನ."

"ಹೌದ್ರಿ."

"ನೀ ಅವನ ಬಾಜೂಕ ಕುಂದ್ರು. ಭಾಳ ಮಾತಾಡಿದ್ರ ಅಂಗಿ ಜಗ್ಗು."

"ಹೌದ್ರಿ."

ಭಾನುವಾರ ಮೈದಾನದಲ್ಲೇ ಪೆಂಡಾಲು ಎದ್ದಿತು. ಸಮಾರಂಭ ಮುಗಿದೊಡನೆ ಕಂಬದ ವ್ಯವಸ್ಥೆ ಎಂದು ಸಾವಕಾರರು ಮಾತು ಕೊಟ್ಟಿದ್ದರಿಂದ ಪರಶಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ನರಗುಂದದ ಹುಡುಗರು ಟೆಂಪೊದಿಂದ ಇಳಿದು ಬೂಟು ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತರು. ಹಾರ ಆಯಿತು, ಶಾಲು ಆಯಿತು. ಸಾವಕಾರರು ಮೈಕಿನಲ್ಲಿ, "ಶ್ರೀ ಪರಶಪ್ಪನವರು ನಮ್ಮ ಕ್ಲಬ್ಬಿನ ಆಧಾರಸ್ತಂಭ" ಎಂದರು.

ಸ್ತಂಭ ಎಂಬ ಮಾತಿಗೆ ಪರಶಪ್ಪ ತಲೆ ಎತ್ತಿದ. ಎತ್ತಿದವನು ಪೆಂಡಾಲಿನ ಮೂಲೆಯ ಕಂಬ ನೋಡಿದ. ಬಿಳಿ ಬಣ್ಣ, ನಡುವೆ ನೀಲಿ ಪಟ್ಟಿ. ಇನ್ನೊಂದು ಮೂಲೆ ನೋಡಿದ. ಅಲ್ಲೂ ಅದೇ. ನಾಲ್ಕು ಮೂಲೆಗೆ ನಾಲ್ಕು ಗೋಲ್ ಕಂಬ. ಅವುಗಳ ಅಡ್ಡ ಪೈಪಿಗೆ ಸನ್ಮಾನದ ಬ್ಯಾನರು. ಖರೆ ಹೇಳಬೇಕೆಂದರೆ ನಾನೇ ಮೊದಲು ಗುರುತಿಸಬೇಕಿತ್ತು. ಜೋರಾಗಿ ಚೆಂಡು ಬಂದಾಗಲೆಲ್ಲ ಅವನ್ನು ಅಪ್ಪಿಕೊಂಡು ನಿಂತವನು ನಾನೇ.

ಪರಶಪ್ಪ ಮೈಕು ಹಿಡಿದ. "ಸಾವಕಾರ್ರು ನನ್ನ ಆಧಾರಸ್ತಂಭ ಅಂದ್ರು. ಭಾಳ ಚಲೋ ಆತು. ಉಳದ ನಾಲ್ಕು ಸ್ತಂಭನೂ ಇಲ್ಲೇ ಅದಾವು."

ನಾನು ಅಂಗಿ ಜಗ್ಗಿದೆ.

"ಕಳಕೇಶ, ಅಂಗಿ ಜಗ್ಗೂದು ಫೌಲ್" ಅಂದ, ಮೈಕಿನಲ್ಲೇ. ಆಮೇಲೆ ಪೆಂಡಾಲು ಹಾಕಿದ ಗೌಸುಸಾಬನನ್ನು ಕರೆದ. "ಈ ಪೈಪ್ ನಿನ್ನವೇನೋ?"

"ನನ್ನವೆಲ್ಲಾ ಅಬ್ಬಿಗೇರಿ ಮದಿವಿಗೆ ಹೋಗ್ಯಾವು" ಅಂದ ಗೌಸುಸಾಬ. "ಇವತ್ತೊಂದಿನ ಇವುನ್ನ ಹಾಕಿ ಮ್ಯಾನೇಜ್ ಮಾಡ್ಕೋ ಅಂತ ಸಾವಕಾರ್ರ ಗೋಡೌನಿನಿಂದ ಕೊಟ್ರು."

ಮೊದಲು ನಕ್ಕವರು ನರಗುಂದದವರು. ಆಮೇಲೆ ನಮ್ಮವರೂ ಧೈರ್ಯ ಮಾಡಿದರು.

"ಕಾರ್ಯಕ್ರಮ ಮುಗೀಲಿ ಪರಶಪ್ಪ, ಕೊಡಾವ್ನ ಇದ್ದೆ" ಅಂದರು ಸಾವಕಾರರು.

"ನಂದು ಮುಗೀತ್ರಿ" ಎಂದು ಪರಶಪ್ಪ ಕೆಳಗಿಳಿದು, ಹತ್ತಿರದ ಕಂಬದ ಹಗ್ಗ ಬಿಚ್ಚಿದ. ಪೆಂಡಾಲಿನ ಬಟ್ಟೆ ಅವಸರವಿಲ್ಲದೆ, ಮರ್ಯಾದೆಯಿಂದ, ಇಡೀ ಕಮಿಟಿಯ ಮೇಲೆ ಇಳಿಯಿತು. ಅದರ ಅಡಿಯಿಂದ "ಕಳಕೇಶಾ" ಎಂದು ಸಾವಕಾರರ ದನಿ ಬಂತು.

"ಹೌದ್ರಿ" ಅಂದೆ.

ಮೈದಾನದ ಎದುರಿನ ಹೊಸ ಮನೆಯ ಕೆಲಸ ಪರಶಪ್ಪನದೇ. ಅಲ್ಲಿಂದ ಅರ್ಧ ಚೀಲ ಸಿಮೆಂಟು, ಮೆತ್ತುವ ಕರಣಿ, ನೆಟ್ಟಗಿದೆಯೋ ನೋಡುವ ತೂಗುಗುಂಡು ಬಂದವು. ಕುಣಿ ತೋಡಿದವರು ನರಗುಂದದ ಹುಡುಗರೇ. ಇನ್ನು ಯಾರೂ ಕೀಳದಂತೆ ಪರಶಪ್ಪ ನಾಲ್ಕೂ ಬುಡಕ್ಕೆ ಕಾಂಕ್ರೀಟು ತುಂಬಿದ, ಅಡ್ಡ ಪೈಪು ಕೂರಿಸಿದ, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ನರಗುಂದದ ನಾಯಕ ಅಕೀಬ ಚೆಂಡು ನಡುವೆ ಇಟ್ಟು, "ಕಾಕಾ, ಶುರು ಮಾಡೂಣ್ರಿ?" ಅಂದ.

"ಏನ್ ಶುರು? ಹಸಿ ಕಾಂಕ್ರೀಟ್ ಐತಿ. ಚೆಂಡ್ ಬಡದ್ರ ಸೊಟ್ಟ ಆಗತಾವು. ಮುಂದಿನ ಐತವಾರ ಬರ್ರಿ."

ಅಕೀಬ ಚೆಂಡು ಎತ್ತಿ ಬಗಲಲ್ಲಿ ಇಟ್ಟುಕೊಂಡ. "ಕಂಬ ಇಲ್ಲಂತ ಆಟ ನಿಂತದ್ದು ನೋಡಿದ್ವಿ. ಕಂಬ ಅದಾವಂತ ನಿಂತದ್ದು ಇದ ಮೊದಲ. ಬರತೀವಿ ಬಿಡ್ರಿ, ಕುಣಿ ನಾವ ತೋಡೀವಿ." ಸನ್ಮಾನದ ಉಪ್ಪಿಟ್ಟು ತಿಂದು ಹೊರಟರು.

ಸಾವಕಾರರು ತಲೆಯ ಧೂಳು ಕೊಡವಿಕೊಂಡು ಬಂದರು. ಕಾಂಕ್ರೀಟನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಹಂಗಾರ ಮುಂದಿನ ಐತವಾರ ಉದ್ಘಾಟನೆ ಇಟ್ಕೊಳ್ಳೂಣೇನು?"

"ಬರ್ರಿ. ಆದ್ರ ಟೇಪ್ ಕತ್ತರಸೂದಿಲ್ಲ. ಒಂದ್ ಪೆನಾಲ್ಟಿ ಹೊಡೀರಿ."

"ಗೋಲ್‌ನ್ಯಾಗ ಯಾರು?"

"ನಿಮ್ಮ ಕಳಕೇಶ."

ಸಾವಕಾರರು ನನ್ನ ಕಡೆ ನೋಡಿದರು. ಸಂಬಳ ಕೊಡುವವರ ನೋಟ ಅದು. ನಾನು ಪರಶಪ್ಪನನ್ನು ಮೆಲ್ಲಗೆ ಆಚೆ ಕರೆದು, ಹಿಡಿಯಬೇಕೋ ಬಿಡಬೇಕೋ ಎಂದು ಕೇಳಿದೆ.

"ನೀ ಹ್ಯಾಂಗ ನಿಂತ್ರೂ ಅದು ಗೋಲ" ಅಂದ. "ಮೊದಲ ನೀರ್ ತಗೊಂಬಾ. ನೀರ್ ಹಾಕ್ಲಿಲ್ಲಂದ್ರ ಕಾಂಕ್ರೀಟ್ ಒಣಗಿ ಸೀಳ ಬಿಟ್ಟೀತು."